ಗಾಜು ಹೇಳಿದಂತೆ ಕೇಳುವ ದ್ರವ: ವಿಜ್ಞಾನಿ ಎಸ್. ಚಂದ್ರಶೇಖರ್

ನಮ್ಮ ಬ್ರಿಡ್ಜ್‌ವಾಟರಿನಿಂದ 78ನೇ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಮರ್ರೇ ಹಿಲ್ ಸಿಗುತ್ತದೆ. 206ನೇ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಪ್ರಿನ್ಸ್‌ಟನ್. ಮರ್ರೇ ಹಿಲ್‌ನಲ್ಲಿ ಬೆಲ್ ಪ್ರಯೋಗಾಲಯ, ಪ್ರಿನ್ಸ್‌ಟನ್‌ನಲ್ಲಿ ಹಿಂದೆ ಆರ್‌ಸಿಎ ಕಂಪನಿಯ ಡೇವಿಡ್ ಸಾರ್ನಾಫ್ ಪ್ರಯೋಗಾಲಯ ಇತ್ತು. ನಮ್ಮ ಕೈಗಡಿಯಾರ, ಕ್ಯಾಲ್ಕುಲೇಟರ್ ಮತ್ತು ಟಿವಿಗಳಲ್ಲಿ ನಾವು ಕಾಣುವ ಎಲ್‌ಸಿಡಿ ಪರದೆಯ ಕತೆಯ ಕೆಲವು ಮುಖ್ಯ ಅಧ್ಯಾಯಗಳು ಈ ಎರಡು ಕಡೆ ನಡೆದವು. ಆದರೆ ಅದೇ ಕತೆಯ ಇನ್ನೊಂದು ದೊಡ್ಡ ಅಧ್ಯಾಯ ನಡೆದದ್ದು ಮೈಸೂರಿನಲ್ಲಿ ಮತ್ತು ಬೆಂಗಳೂರಿನಲ್ಲಿ. ನಮ್ಮಲ್ಲಿ ಅನೇಕರು ಆ ಊರುಗಳಿಂದಲೇ ಇಲ್ಲಿಗೆ ಬಂದವರು. ಆದರೂ ಆ ಅಧ್ಯಾಯವನ್ನು ಬರೆದ ಪ್ರೊಫೆಸರ್ ಶಿವರಾಮಕೃಷ್ಣ ಚಂದ್ರಶೇಖರ್ ಅವರ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರುವುದು ಕಡಿಮೆ. ಈ ಸಲದ ವಾರ್ಷಿಕ ಸಂಚಿಕೆಯಲ್ಲಿ ಅವರನ್ನು ನಮ್ಮ ಮಕ್ಕಳಿಗೆ ಪರಿಚಯ ಮಾಡಿಕೊಡೋಣ ಎನಿಸಿತು.

ಇಬ್ಬರು ಚಂದ್ರಶೇಖರರು

ಮೊದಲು ಒಂದು ಗೊಂದಲ ಬಗೆಹರಿಸೋಣ. ಎಸ್. ಚಂದ್ರಶೇಖರ್ ಎಂದೊಡನೆ ಹಿರಿಯರಿಗೆ ನೆನಪಾಗುವುದು ನಕ್ಷತ್ರಗಳ ಬಗ್ಗೆ ಸಂಶೋಧನೆ ಮಾಡಿ 1983ರಲ್ಲಿ ನೊಬೆಲ್ ಪಡೆದ ಷಿಕಾಗೋದ ಸುಬ್ರಹ್ಮಣ್ಯನ್ ಚಂದ್ರಶೇಖರ್. ನಾವು ಹೇಳಹೊರಟಿರುವುದು ಅವರ ಬಗ್ಗೆ ಅಲ್ಲ, ಅವರ ಅತ್ತೆಯ ಮಗನ ಬಗ್ಗೆ. ಸರ್ ಸಿ.ವಿ. ರಾಮನ್ ಅವರ ಅಣ್ಣನ ಮಗ ನಕ್ಷತ್ರಗಳ ಚಂದ್ರಶೇಖರ್; ರಾಮನ್ ಅವರ ತಂಗಿ ಸೀತಾಲಕ್ಷ್ಮಿಯವರ ಮಗ ನಮ್ಮ ಚಂದ್ರಶೇಖರ್. ಹಾಗಾಗಿ ರಾಮನ್ ಒಬ್ಬರಿಗೆ ಚಿಕ್ಕಪ್ಪ, ಇನ್ನೊಬ್ಬರಿಗೆ ಸೋದರಮಾವ. ನಮ್ಮ ಚಂದ್ರಶೇಖರರ ಅಣ್ಣ ಎಸ್. ರಾಮಶೇಷನ್ ಹರಳುಗಳ ವಿಜ್ಞಾನದಲ್ಲಿ ದೊಡ್ಡ ಹೆಸರು. ತಮ್ಮ ಎಸ್. ಪಂಚರತ್ನಂ ಬೆಳಕಿನ ವಿಜ್ಞಾನದಲ್ಲಿ ಅಪರೂಪದ ಕೆಲಸ ಮಾಡಿ, 1969ರಲ್ಲಿ ಇನ್ನೂ 35ರ ವಯಸ್ಸಿನಲ್ಲೇ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು.

ಇಂಥ ಮನೆತನದಲ್ಲಿ ಹುಟ್ಟುವುದು ಸುಲಭ ಎಂದು ಮಕ್ಕಳಿಗೆ ಅನ್ನಿಸಬಹುದು. ದಾರಿ ತೋರಿಸುವವರು ಮನೆಯಲ್ಲೇ ಇದ್ದರಲ್ಲ ಎನ್ನಬಹುದು. ಆದರೆ ದೊಡ್ಡ ಮರದ ನೆರಳಿನಲ್ಲಿ ಇನ್ನೊಂದು ಗಿಡ ಬೆಳೆಯುವುದು ಎಷ್ಟು ಕಷ್ಟ ಎಂಬುದು ತೋಟ ಮಾಡಿದವರಿಗೆ ಗೊತ್ತು. ಚಂದ್ರಶೇಖರ್ ಮುಂದೆ ಆರಿಸಿಕೊಂಡ ವಿಷಯ ಮಾವನದ್ದೂ ಆಗಿರಲಿಲ್ಲ, ಅಣ್ಣತಮ್ಮಂದಿರದ್ದೂ ಆಗಿರಲಿಲ್ಲ.

ನಾಗಪುರದಿಂದ ಕೇಂಬ್ರಿಡ್ಜಿಗೆ

ಅವರು ಹುಟ್ಟಿದ್ದು 1930ರ ಆಗಸ್ಟ್ 6ರಂದು ಕಲ್ಕತ್ತೆಯಲ್ಲಿ. ತಂದೆ ಶಿವರಾಮಕೃಷ್ಣನ್ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ದೊಡ್ಡ ಅಧಿಕಾರಿ. ನಾಗಪುರ ವಿಶ್ವವಿದ್ಯಾಲಯದಿಂದ 1951ರಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ.ಯಲ್ಲಿ ಪ್ರಥಮ ಸ್ಥಾನ ಪಡೆದ ಚಂದ್ರಶೇಖರ್, ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯನ್ನು ಸೇರಿದರು. ರಾಮನ್ ತಾವೇ ಕಟ್ಟಿದ ಆ ಸಂಸ್ಥೆ ಆಗಿನ್ನೂ ಎಳೆಯದು.

ಅಲ್ಲಿ ಅವರು ಅಭ್ಯಾಸ ಮಾಡಿದ್ದು ಹರಳುಗಳು ಬೆಳಕನ್ನು ತಿರುಗಿಸುವ ಬಗೆಯನ್ನು. ಬೆಳಕು ಒಂದು ಅಲೆ. ಅದನ್ನು ಒಂದೇ ದಿಕ್ಕಿನಲ್ಲಿ ತುಯ್ಯುವಂತೆ ಸೋಸಿ ಕೆಲವು ಹರಳುಗಳ ಮೂಲಕ ಹಾಯಿಸಿದರೆ, ಹೊರಬರುವಾಗ ಅದರ ತುಯ್ತದ ದಿಕ್ಕು ಸ್ವಲ್ಪ ತಿರುಗಿರುತ್ತದೆ. ಎಷ್ಟು ತಿರುಗುತ್ತದೆ, ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆಯಾಗಿ ಏಕೆ ತಿರುಗುತ್ತದೆ ಎಂಬ ವಿಷಯದ ಮೇಲೆ ಕೆಲಸ ಮಾಡಿ 1954ರಲ್ಲಿ ನಾಗಪುರ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು.

ಆಮೇಲೆ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯ. ಅಲ್ಲಿ ಹರಳುಗಳಿಗೆ ಎಕ್ಸ್ ಕಿರಣ ಮತ್ತು ನ್ಯೂಟ್ರಾನುಗಳು ಬಿದ್ದಾಗ ಏನಾಗುತ್ತದೆ ಎಂಬುದರ ಮೇಲೆ ಎರಡನೆಯ ಡಾಕ್ಟರೇಟ್. ಬಳಿಕ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ರಾಯಲ್ ಇನ್‌ಸ್ಟಿಟ್ಯೂಷನ್. ಎರಡು ಡಾಕ್ಟರೇಟ್ ಇದ್ದವರಿಗೆ ಇಂಗ್ಲೆಂಡಿನಲ್ಲಿ ನೆಲೆ ನಿಲ್ಲುವುದು ಕಷ್ಟವೇನೂ ಆಗಿರಲಿಲ್ಲ. 1961ರಲ್ಲಿ ಅವರು ಮೈಸೂರಿಗೆ ಬಂದರು.

ಮಾನಸಗಂಗೋತ್ರಿಯ ಹೊಸ ವಿಭಾಗ

ಕುವೆಂಪು ಅವರು ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಕನಸು ಕಂಡು ಹೆಸರಿಟ್ಟ ಮಾನಸಗಂಗೋತ್ರಿ ಆಗತಾನೆ ರೂಪುಗೊಳ್ಳುತ್ತಿತ್ತು. ಅಲ್ಲಿನ ಭೌತಶಾಸ್ತ್ರ ವಿಭಾಗಕ್ಕೆ ಮೊದಲ ಮುಖ್ಯಸ್ಥರಾಗಿ ಬಂದವರು ಚಂದ್ರಶೇಖರ್. ಆಗ ಅವರ ವಯಸ್ಸು 31. ಹೊಸ ವಿಭಾಗ ಎಂದರೆ ಪಾಠಕ್ರಮದಿಂದ ಹಿಡಿದು ಉಪಕರಣಗಳವರೆಗೆ ಎಲ್ಲವನ್ನೂ ಹೊಂದಿಸಬೇಕು, ವಿದ್ಯಾರ್ಥಿಗಳನ್ನು ಸಂಶೋಧನೆಗೆ ಸಿದ್ಧಪಡಿಸಬೇಕು.

ಕಡಿಮೆ ಖರ್ಚಿನ ಉಪಕರಣಗಳಿಂದ, ಮೈಸೂರಿನಂಥ ಊರಿನಲ್ಲಿ, ಜಗತ್ತು ತಿರುಗಿ ನೋಡುವಂಥ ಕೆಲಸ ಮಾಡಬೇಕಾದರೆ ಯಾವ ವಿಷಯ ಆರಿಸಿಕೊಳ್ಳಬೇಕು? ಅವರ ಮುಂದೆ ಇದ್ದದ್ದು ಇದೇ ಪ್ರಶ್ನೆ. ಆಗ ಹೆಚ್ಚು ಜನ ಹೋಗದ ಒಂದು ದಾರಿಯನ್ನು ಅವರು ಹಿಡಿದರು. ಅದೇ ದ್ರವ ಹರಳು, ಅಥವಾ ದ್ರವ ಸ್ಫಟಿಕ.

ದ್ರವ ಹರಳು ಎಂದರೇನು?

ಎಲ್‌ಸಿಡಿ ಎಂಬ ಮೂರಕ್ಷರದಲ್ಲಿ ಮೊದಲ ಎರಡು ಅಕ್ಷರ ಸೂಚಿಸುವುದು ಈ ದ್ರವ ಹರಳನ್ನೇ. ಹೆಸರಿನಲ್ಲೇ ವಿರೋಧ ಇದ್ದಂತೆ ಕಾಣುತ್ತದೆ. ಉಪ್ಪು, ಕಲ್ಲುಸಕ್ಕರೆಗಳು ಹರಳು. ಅವುಗಳ ಒಳಗೆ ಅಣುಗಳೋ ಪರಮಾಣುಗಳೋ ಕ್ರಮವಾಗಿ ಸಾಲು ನಿಂತಿರುತ್ತವೆ. ನೀರು ದ್ರವ, ಅದರೊಳಗೆ ಅಣುಗಳು ಸಂತೆಯ ಜನದಂತೆ ಎತ್ತೆತ್ತಲೋ ಅಡ್ಡಾಡುತ್ತಿರುತ್ತವೆ. ಹರಳನ್ನು ಕಾಯಿಸಿದರೆ ಒಂದು ಬಿಸಿಯಲ್ಲಿ ಕರಗಿ ದ್ರವವಾಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ.

1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್ ಒಂದು ವಿಚಿತ್ರ ಕಂಡರು. ಕೊಲೆಸ್ಟರಾಲಿನಿಂದ ಮಾಡಿದ ಒಂದು ವಸ್ತುವಿಗೆ ಎರಡು ಕರಗುವ ಬಿಂದುಗಳಿದ್ದವು. ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಮಸುಕಾದ ದ್ರವವಾಯಿತು, ಸುಮಾರು 178 ಡಿಗ್ರಿಗೆ ಆ ಮಸುಕು ಹೋಗಿ ತಿಳಿಯಾಯಿತು. ಆ ನಡುವಿನ ಸ್ಥಿತಿಯೇ ದ್ರವ ಹರಳು. ಅದರಲ್ಲಿ ಅಣುಗಳು ದ್ರವದಂತೆ ಹರಿದಾಡುತ್ತವೆ, ಆದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಊದುಬತ್ತಿಯ ಪೊಟ್ಟಣವನ್ನು ನೆನೆಸಿಕೊಳ್ಳಿ. ಕಡ್ಡಿಗಳು ಹಿಂದೆ ಮುಂದೆ ಜಾರಬಹುದು, ಉರುಳಬಹುದು. ಆದರೆ ಎಲ್ಲವೂ ಉದ್ದಕ್ಕೇ ಮಲಗಿರುತ್ತವೆ. ಅಣುಗಳು ಹಾಗೆ ಕಡ್ಡಿಯಂತೆ ಉದ್ದವಾಗಿರುವುದರಿಂದಲೇ ಈ ಕ್ರಮ ಸಾಧ್ಯ.

ರೈನಿಟ್ಜರ್ ಕಂಡ ಬಗೆಯ ದ್ರವ ಹರಳಿನಲ್ಲಿ ಇನ್ನೂ ಒಂದು ಸೊಗಸು ಇದೆ. ಅಲ್ಲಿ ಅಣುಗಳ ದಿಕ್ಕು ಪದರದಿಂದ ಪದರಕ್ಕೆ ಸ್ವಲ್ಪ ಸ್ವಲ್ಪವೇ ತಿರುಗುತ್ತ, ಸುರುಳಿ ಮೆಟ್ಟಿಲಿನಂತೆ ಮೇಲೇರುತ್ತದೆ. ಇಂಥ ಸುರುಳಿ ಬೆಳಕನ್ನು ಬಹಳ ಬಲವಾಗಿ ತಿರುಗಿಸುತ್ತದೆ, ಕೆಲವು ಬಣ್ಣಗಳನ್ನು ಹಿಂದಕ್ಕೆ ಹೊಳೆಯಿಸುತ್ತದೆ. ಚಂದ್ರಶೇಖರ್ ಮೈಸೂರಿನಲ್ಲಿ ಮೊದಲು ಕೈ ಹಾಕಿದ ವಿಷಯಗಳಲ್ಲಿ ಇದೂ ಒಂದು. ಬೆಂಗಳೂರಿನಲ್ಲಿ ಹರಳು ಬೆಳಕನ್ನು ತಿರುಗಿಸುವುದನ್ನು ಅಳೆದಿದ್ದರು. ಕೇಂಬ್ರಿಡ್ಜಿನಲ್ಲಿ ಎಕ್ಸ್ ಕಿರಣ ಹರಳಿನ ಪದರಗಳಿಂದ ಹೊಳೆದು ಬರುವುದನ್ನು ಲೆಕ್ಕ ಹಾಕಿದ್ದರು. ಎಕ್ಸ್ ಕಿರಣಕ್ಕೆ ಬಳಸಿದ ಆ ಲೆಕ್ಕವನ್ನೇ ಈ ಸುರುಳಿಯ ಮೇಲೆ ಬೀಳುವ ಬೆಳಕಿಗೆ ಅನ್ವಯಿಸಿದರು. ಬೇರೆ ಬೇರೆ ಕಡೆ ಕಲಿತ ಎರಡು ಪಾಠಗಳು ಮೈಸೂರಿನಲ್ಲಿ ಒಂದಾದವು. ಎನ್.ವಿ. ಮಧುಸೂದನ ಅವರಂಥ ಶಿಷ್ಯರು ಅವರ ಬಳಿ ತಯಾರಾದದ್ದೂ ಅಲ್ಲೇ.

ನ್ಯೂಜೆರ್ಸಿಯ ಸುದ್ದಿ

ಮೈಸೂರಿನಲ್ಲಿ ಈ ಕೆಲಸ ನಡೆಯುತ್ತಿದ್ದಾಗಲೇ ಪ್ರಿನ್ಸ್‌ಟನ್ನಿನ ಆರ್‌ಸಿಎ ಪ್ರಯೋಗಾಲಯದಲ್ಲಿ ಜಾರ್ಜ್ ಹೈಲ್‌ಮೈಯರ್ ಮತ್ತು ಜೊತೆಗಾರರು ದ್ರವ ಹರಳಿಗೆ ವಿದ್ಯುತ್ ಕೊಟ್ಟು ಅದರ ನೋಟವನ್ನೇ ಬದಲಿಸಬಹುದೆಂದು ತೋರಿಸಿದರು. 1968ರ ಮೇ ತಿಂಗಳಿನಲ್ಲಿ ಆರ್‌ಸಿಎ ಕಂಪನಿ ನ್ಯೂಯಾರ್ಕಿನಲ್ಲಿ ಪತ್ರಕರ್ತರನ್ನು ಕರೆದು ಈ ಹೊಸ ಬಗೆಯ ಪರದೆಯನ್ನು ಪ್ರದರ್ಶಿಸಿತು. ಅಂದಿನವರೆಗೆ ಕೆಲವೇ ಪಂಡಿತರ ಕುತೂಹಲವಾಗಿದ್ದ ದ್ರವ ಹರಳು ಒಮ್ಮೆಲೇ ಎಲ್ಲರಿಗೂ ಬೇಕಾಯಿತು. 1973ರಲ್ಲಿ ಜಪಾನಿನ ಶಾರ್ಪ್ ಕಂಪನಿ ಎಲ್‌ಸಿಡಿ ಇರುವ ಕ್ಯಾಲ್ಕುಲೇಟರನ್ನು ಮಾರುಕಟ್ಟೆಗೆ ತಂದಿತು. ಹೊಸ ದಾರಿ ತೆರೆದದ್ದು ನಮ್ಮ ನ್ಯೂಜೆರ್ಸಿ, ಅದರಲ್ಲಿ ಅಂಗಡಿ ಇಟ್ಟು ಗೆದ್ದದ್ದು ಜಪಾನ್.

ಗೋಡೆಯ ಮಾತು

ಈಗ ಮಕ್ಕಳು ಸ್ವಲ್ಪ ಗಮನವಿಟ್ಟು ಕೇಳಬೇಕಾದ ಭಾಗ. ದ್ರವ ಹರಳಿನ ಅಣುಗಳು ಒಂದೇ ದಿಕ್ಕಿಗೆ ಮುಖ ಮಾಡುತ್ತವೆ ಎಂದೆವು. ಯಾವ ದಿಕ್ಕಿಗೆ? ಅದನ್ನು ಅಣುಗಳು ತಾವಾಗಿ ತೀರ್ಮಾನಿಸುವುದಿಲ್ಲ. ಹಾಗೆಯೇ ಬಿಟ್ಟರೆ ಒಂದು ಮೂಲೆಯ ಅಣುಗಳು ಒಂದು ದಿಕ್ಕಿಗೆ, ಇನ್ನೊಂದು ಮೂಲೆಯವು ಮತ್ತೊಂದು ದಿಕ್ಕಿಗೆ ತಿರುಗಿ, ಇಡೀ ದ್ರವ ಮಸುಕಾಗಿ ಕಾಣುತ್ತದೆ. ರೈನಿಟ್ಜರ್ ಕಂಡ ಮಸುಕಿಗೂ ಇಂಥ ಗೊಂದಲವೇ ಕಾರಣ. ದಿಕ್ಕನ್ನು ಹೇಳಿಕೊಡಬೇಕಾದದ್ದು ದ್ರವವನ್ನು ಹಿಡಿದಿಟ್ಟಿರುವ ಗಾಜಿನ ಮೇಲ್ಮೈ.

ಪರದೆಯಲ್ಲಿ ಎರಡು ಗಾಜಿನ ಹಲಗೆಗಳ ನಡುವೆ ದ್ರವ ಹರಳಿನ ತೆಳು ಪದರ ಇರುತ್ತದೆ. ಅದರ ದಪ್ಪ ಸುಮಾರು 5 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ 200ರಲ್ಲಿ ಒಂದು ಪಾಲು. ನಮಗೆ ಇದು ಏನೂ ಅಲ್ಲ, ಅಣುಗಳಿಗೆ ಇದು ಸಾವಿರಾರು ಸಾಲುಗಳ ಮೈದಾನ. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲು ನಿಲ್ಲುವಾಗ ಮುಂದಿನ ಸಾಲು ಯಾವ ಕಡೆಗೆ ನಿಂತಿದೆ ಎಂದು ನೋಡಿ ಹಿಂದಿನ ಸಾಲು ನಿಲ್ಲುತ್ತದೆ, ಅದನ್ನು ನೋಡಿ ಅದರ ಹಿಂದಿನ ಸಾಲು. ಗಾಜಿಗೆ ಅಂಟಿದ ಮೊದಲ ಸಾಲಿನ ಅಣುಗಳನ್ನು ಸರಿಯಾಗಿ ನಿಲ್ಲಿಸಿದರೆ ಹಿಂದಿನ ಸಾವಿರಾರು ಸಾಲುಗಳು ತಾವೇ ಸರಿಹೋಗುತ್ತವೆ.

ಮೊದಲ ಸಾಲನ್ನು ನಿಲ್ಲಿಸುವುದು ಹೇಗೆ? ಹಳೆಯ ಉಪಾಯ ಬಹಳ ಸರಳ. ಗಾಜನ್ನು ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜುವುದು. ಉಜ್ಜಿದ ದಿಕ್ಕಿನಲ್ಲೇ ಅಣುಗಳು ಮಲಗುತ್ತವೆ. 1911ರಲ್ಲೇ ಫ್ರಾನ್ಸಿನ ಮೊಗೆಂ ಗಾಜಿನ ಮೇಲ್ಮೈಯಿಂದ ದ್ರವ ಹರಳನ್ನು ತಿರುಚಬಹುದೆಂದು ಕಂಡಿದ್ದರು. ಆದರೆ ಉಜ್ಜುವುದರಿಂದ ಏಕೆ ಹೀಗಾಗುತ್ತದೆ ಎಂಬುದಕ್ಕೆ ಸರಿಯಾದ ವಿವರಣೆ ಇರಲಿಲ್ಲ. 1972ರಲ್ಲಿ ಮರ್ರೇ ಹಿಲ್‌ನ ಬೆಲ್ ಪ್ರಯೋಗಾಲಯದ ಡ್ವೈಟ್ ಬೆರ್‍ಮನ್ ಒಂದು ಲೆಕ್ಕ ಮಂಡಿಸಿದರು. ಮೇಲ್ಮೈಯಲ್ಲಿ ನೇಗಿಲ ಸಾಲಿನಂಥ ಸೂಕ್ಷ್ಮ ಗೀರುಗಳಿದ್ದರೆ, ಅಡ್ಡ ಮಲಗಿದ ಅಣುಗಳ ಸಾಲು ದಿಣ್ಣೆ ಹತ್ತಿ ಇಳಿದು ಬಾಗಬೇಕಾಗುತ್ತದೆ. ಬಾಗುವುದಕ್ಕೆ ಶಕ್ತಿ ಬೇಕು. ಗೀರಿನ ಉದ್ದಕ್ಕೆ ಮಲಗಿದರೆ ಆ ಕಷ್ಟವಿಲ್ಲ. ಅದಕ್ಕೇ ಅಣುಗಳು ಗೀರಿನ ಉದ್ದಕ್ಕೆ ಮಲಗುತ್ತವೆ. ಗಾಜಿನ ಮೇಲೆ ಬಳಿದ ಪ್ಲಾಸ್ಟಿಕ್ಕಿನಂಥ ಪದರವನ್ನು ಉಜ್ಜಿದಾಗ ಅದರ ಉದ್ದನೆಯ ಅಣುಗಳೇ ಬಾಚಿದ ಕೂದಲಿನಂತೆ ಒಂದೇ ಕಡೆಗೆ ಒರಗುವುದೂ ಕಾರಣ ಎಂದು ಮುಂದೆ ಗೊತ್ತಾಯಿತು.

ಅಣುಗಳು ಮಲಗದೆ ನೆಟ್ಟಗೆ ನಿಲ್ಲಬೇಕಾದರೆ ಬೇರೆ ಉಪಾಯ ಬೇಕು. ಇಲ್ಲೇ ಚಿಟಿಕೆ ವಸ್ತುವಿನ ಮಹಿಮೆ. ಸಾಬೂನಿನ ಅಣುವಿಗೆ ಒಂದು ತಲೆ, ಒಂದು ಬಾಲ ಇರುತ್ತದೆ. ಅಂಥ ಅಣುಗಳನ್ನು ಗಾಜಿಗೆ ಲೇಪಿಸಿದರೆ, ಅಥವಾ ಬಹಳ ಸ್ವಲ್ಪವಾಗಿ ದ್ರವ ಹರಳಿಗೇ ಬೆರೆಸಿದರೆ, ತಲೆ ಗಾಜನ್ನು ಕಚ್ಚಿ ಹಿಡಿಯುತ್ತದೆ, ಬಾಲ ಮೇಲಕ್ಕೆ ನಿಲ್ಲುತ್ತದೆ. ಬ್ರಷ್ಷಿನ ಕೂದಲ ನಡುವೆ ಸಿಕ್ಕಿಸಿದ ಕಡ್ಡಿಗಳಂತೆ ದ್ರವ ಹರಳಿನ ಅಣುಗಳು ಆ ಬಾಲಗಳ ನಡುವೆ ನೆಟ್ಟಗೆ ನಿಲ್ಲುತ್ತವೆ. ಈ ಕೆಲಸಕ್ಕೆ ವಿಜ್ಞಾನಿಗಳು ಬಳಸಿದ ವಸ್ತುಗಳಲ್ಲಿ ಲೆಸಿಥಿನ್ ಒಂದು. ಮೊಟ್ಟೆಯ ಹಳದಿಯಲ್ಲೂ ಸೋಯಾ ಕಾಳಿನಲ್ಲೂ ಇರುವ ವಸ್ತು ಅದು. ಚಾಕೊಲೇಟ್ ಕಾಗದದ ಹಿಂದಿನ ಪಟ್ಟಿಯಲ್ಲಿ ಅದರ ಹೆಸರು ಹುಡುಕಿ ನೋಡಿ. 1973ರಲ್ಲಿ ಬೆಲ್ ಪ್ರಯೋಗಾಲಯದ ಫ್ರೆಡರಿಕ್ ಕಾನ್ ಇನ್ನೂ ಗಟ್ಟಿಯಾದ ದಾರಿ ತೋರಿಸಿದರು. ಗಾಜಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಸಿಲೇನ್ ಎಂಬ ವಸ್ತುಗಳಿಂದ ಮೊದಲ ಸಾಲು ಅಳಿಸಿಹೋಗದಂತೆ ಮಾಡಬಹುದಾಯಿತು.

ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಇಡೀ ಪಾತ್ರೆ ಮೊಸರಾಗುವುದನ್ನು ನಾವು ದಿನಾ ನೋಡುತ್ತೇವೆ. ಅಲ್ಲಿ ಹೆಪ್ಪು ತಾನೇ ಬೆಳೆಯುತ್ತದೆ. ಇಲ್ಲಿ ಬೆರೆಸಿದ ವಸ್ತು ಬೆಳೆಯುವುದಿಲ್ಲ, ಗೋಡೆಯ ಬಳಿ ಸೇರಿಕೊಳ್ಳುತ್ತದೆ, ಅಷ್ಟೇ. ಆದರೂ ಇಡೀ ದ್ರವ ಅದರ ಮಾತು ಕೇಳುತ್ತದೆ.

ಗಡಿಯಾರದ ಪರದೆಯಲ್ಲಿ ಮೇಲಿನ ಗಾಜನ್ನು ಒಂದು ದಿಕ್ಕಿಗೂ ಕೆಳಗಿನ ಗಾಜನ್ನು ಅದಕ್ಕೆ ಅಡ್ಡವಾಗಿಯೂ ಉಜ್ಜಿರುತ್ತಾರೆ. ನಡುವಿನ ಅಣುಗಳು ಎರಡು ಗೋಡೆಗಳ ಮಾತನ್ನೂ ಕೇಳಬೇಕಾಗಿ ಕಾಲು ಸುತ್ತಿನ ಮೆಟ್ಟಿಲಿನಂತೆ ತಿರುಚಿಕೊಳ್ಳುತ್ತವೆ. ಬೆಳಕು ಆ ಮೆಟ್ಟಿಲನ್ನು ಅನುಸರಿಸಿ ತಿರುಗಿ ಹೊರಬರುತ್ತದೆ. ವಿದ್ಯುತ್ ಕೊಟ್ಟರೆ ಅಣುಗಳು ಎದ್ದು ನಿಲ್ಲುತ್ತವೆ, ಮೆಟ್ಟಿಲು ಮಾಯವಾಗಿ ಬೆಳಕಿಗೆ ದಾರಿ ಮುಚ್ಚುತ್ತದೆ, ಅಲ್ಲಿ ಕಪ್ಪು ಅಂಕಿ ಮೂಡುತ್ತದೆ. ಆದರೆ ಮೆಟ್ಟಿಲು ಎಡಕ್ಕೂ ತಿರುಗಬಹುದು, ಬಲಕ್ಕೂ ತಿರುಗಬಹುದು. ಒಂದೊಂದು ಕಡೆ ಒಂದೊಂದು ತಿರುವು ಬಂದರೆ ಪರದೆಯಲ್ಲಿ ತೇಪೆಗಳು ಕಾಣುತ್ತವೆ. ಅದನ್ನು ತಪ್ಪಿಸಲು, ತಾನಾಗಿ ಒಂದೇ ಕಡೆಗೆ ತಿರುಚುವ ಗುಣವಿರುವ ವಸ್ತುವನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಚಂದ್ರಶೇಖರ್ ಮೈಸೂರಿನಲ್ಲಿ ಲೆಕ್ಕ ಹಾಕಿದ ಸುರುಳಿಯ ಗುಣವೇ ಇಲ್ಲಿ ನಾಲ್ಕು ಕಾಸಿನ ಗಡಿಯಾರಕ್ಕೂ ಉಪಯೋಗಕ್ಕೆ ಬಂತು.

ಮತ್ತೆ ರಾಮನ್ ಸಂಸ್ಥೆಗೆ

1970ರ ನವೆಂಬರಿನಲ್ಲಿ ರಾಮನ್ ತೀರಿಕೊಂಡರು. 1971ರಲ್ಲಿ ಚಂದ್ರಶೇಖರ್ ಮೈಸೂರಿನಿಂದ ಬೆಂಗಳೂರಿಗೆ ಬಂದು, ತಾವು 20 ವರ್ಷ ಹಿಂದೆ ವಿದ್ಯಾರ್ಥಿಯಾಗಿದ್ದ ಸಂಸ್ಥೆಯಲ್ಲಿ ದ್ರವ ಹರಳಿನ ಪ್ರಯೋಗಾಲಯ ಕಟ್ಟಿದರು. ಮೈಸೂರಿನ ಶಿಷ್ಯರಲ್ಲಿ ಕೆಲವರು ಜೊತೆಗೆ ಬಂದರು. ಚಂದ್ರಶೇಖರರ ದೊಡ್ಡ ಜಾಣತನ ಎಂದರೆ ಭೌತವಿಜ್ಞಾನಿಗಳನ್ನೂ ರಸಾಯನ ವಿಜ್ಞಾನಿಗಳನ್ನೂ ಒಂದೇ ಸೂರಿನಡಿ ಕೂರಿಸಿದ್ದು. ಹೊಸ ವಸ್ತು ಬೇಕೆಂದರೆ ವಿದೇಶಕ್ಕೆ ಬರೆದು ಕಾಯಬೇಕಿರಲಿಲ್ಲ. ಪಕ್ಕದ ಕೋಣೆಯಲ್ಲೇ ತಯಾರಾಗುತ್ತಿತ್ತು.

ಇಂಥ ಪ್ರಯೋಗಾಲಯದಲ್ಲಿ ಅನೇಕ ಅಳತೆಗಳಿಗೆ ಮೊದಲ ಕೆಲಸ ಗಾಜನ್ನು ಸಿದ್ಧಪಡಿಸುವುದು. ದ್ರವ ಹರಳು ಬಾಗುವುದಕ್ಕೆ ಎಷ್ಟು ಬಲ ಬೇಕು ಎಂದು ಅಳೆಯಬೇಕಾದರೆ ಮೊದಲು ಗೋಡೆಗಳು ಅದನ್ನು ಒಂದು ದಿಕ್ಕಿಗೆ ನಿಲ್ಲಿಸಬೇಕು. ಆಮೇಲೆ ಕಾಂತದ ಬಲದಿಂದ ನಡುವಿನ ಅಣುಗಳನ್ನು ಇನ್ನೊಂದು ದಿಕ್ಕಿಗೆ ಎಳೆದು, ಎಷ್ಟು ಬಲಕ್ಕೆ ಅವು ಮಣಿಯುತ್ತವೆ ಎಂದು ನೋಡಬೇಕು. ಮೊದಲ ಸಾಲು ಕೆಟ್ಟರೆ ಅಳತೆಯೇ ಕೆಟ್ಟಿತು.

ಸಾಮಾನ್ಯ ಸ್ಥಿತಿಯಲ್ಲಿ ದ್ರವ ಹರಳಾಗದ ಕೆಲವು ವಸ್ತುಗಳು ಹೆಚ್ಚಿನ ಒತ್ತಡದಲ್ಲಿ ದ್ರವ ಹರಳಾಗುತ್ತವೆ ಎಂದು 1970ರ ದಶಕದ ಮೊದಲ ಭಾಗದಲ್ಲಿ ಈ ತಂಡ ತೋರಿಸಿತು. ಆ ಕೆಲಸದಲ್ಲಿ ಅಣ್ಣ ರಾಮಶೇಷನ್ ಕೂಡ ಜೊತೆಗಿದ್ದರು. 1972ರಲ್ಲಿ ಚಂದ್ರಶೇಖರರಿಗೆ ಭಟ್ನಾಗರ್ ಪ್ರಶಸ್ತಿ ಬಂತು. 1973ರ ಡಿಸೆಂಬರಿನಲ್ಲಿ ಜಗತ್ತಿನ ದ್ರವ ಹರಳಿನ ವಿಜ್ಞಾನಿಗಳು ಬೆಂಗಳೂರಿನಲ್ಲಿ ಸಮ್ಮೇಳನಕ್ಕೆ ಸೇರಿದರು.

ಕಡ್ಡಿಯಿಂದ ಬಿಲ್ಲೆಗೆ

ಚಂದ್ರಶೇಖರರ ಹೆಸರನ್ನು ಶಾಶ್ವತವಾಗಿಸಿದ್ದು 1977ರ ಶೋಧ. ರೈನಿಟ್ಜರ್ ಕಾಲದಿಂದ ಸುಮಾರು 90 ವರ್ಷಗಳಲ್ಲಿ ಸಾವಿರಾರು ದ್ರವ ಹರಳುಗಳು ಸಿಕ್ಕಿದ್ದವು. ಅವೆಲ್ಲದರ ಅಣುಗಳು ಕಡ್ಡಿಯಂತೆ ಉದ್ದ. ಹಾಗಾಗಿ ಉದ್ದವಾಗಿದ್ದರೆ ಮಾತ್ರ ದ್ರವ ಹರಳು ಎಂಬುದು ನಿಯಮವೇ ಆಗಿಹೋಗಿತ್ತು. ಚಪ್ಪಟೆಯಾದ, ಬಿಲ್ಲೆಯಂಥ ಅಣುಗಳಿಂದ ಏಕಾಗಬಾರದು ಎಂದು ಬೆಂಗಳೂರಿನ ತಂಡ ಯೋಚಿಸಿತು. ಊದುಬತ್ತಿಗೆ ಒಂದು ಕ್ರಮ ಇರುವಂತೆ ಪೇರಿಸಿಟ್ಟ ಚಪಾತಿಗೂ ಒಂದು ಕ್ರಮ ಇದೆಯಲ್ಲ?

ಚಂದ್ರಶೇಖರ್, ರಸಾಯನ ವಿಜ್ಞಾನಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್, ಈ ಮೂವರು ನಡುವೆ ಬೆಂಜೀನಿನ ಚಪ್ಪಟೆ ಉಂಗುರ, ಅದರ ಸುತ್ತ ಆರು ಉದ್ದನೆಯ ಬಾಲಗಳು ಇರುವ ವಸ್ತುಗಳನ್ನು ಪರೀಕ್ಷಿಸಿದರು. ಕಾಯಿಸಿದಾಗ ಹರಳು ಕರಗಿತು, ಆದರೆ ತಿಳಿಯಾದ ದ್ರವವಾಗಲಿಲ್ಲ. ನಡುವೆ ಇನ್ನೊಂದು ಸ್ಥಿತಿ ಇತ್ತು. ಎಕ್ಸ್ ಕಿರಣ ಹಾಯಿಸಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಬಿಲ್ಲೆಗಳು ಒಂದರ ಮೇಲೊಂದು ಪೇರಿ ಕಂಬಗಳಾಗಿದ್ದವು. ಆ ಕಂಬಗಳು ಜೇನುಗೂಡಿನ ಕೋಣೆಗಳಂತೆ ಆರು ಮೂಲೆಯ ಕ್ರಮದಲ್ಲಿ ಒತ್ತೊತ್ತಾಗಿ ನಿಂತಿದ್ದವು. ಕಂಬದ ಒಳಗೆ ಮಾತ್ರ ಬಿಲ್ಲೆಗಳು ದ್ರವದಂತೆ ಸಡಿಲ.

ಹತ್ತು ಪುಟಗಳ ಈ ಪ್ರಬಂಧ 1977ರಲ್ಲಿ ಪ್ರಕಟವಾಯಿತು. ಎಲ್ಲಿ ಗೊತ್ತೇ? ಬೆಂಗಳೂರಿನಿಂದಲೇ ಹೊರಡುವ ಪ್ರಮಾಣ ಎಂಬ ಪತ್ರಿಕೆಯಲ್ಲಿ. ಆ ಪತ್ರಿಕೆಗೆ ಆಗಿನ್ನೂ ನಾಲ್ಕು ವರ್ಷ. ಒಳ್ಳೆಯ ಕೆಲಸವೆಂದರೆ ಇಂಗ್ಲೆಂಡಿಗೋ ಅಮೆರಿಕಕ್ಕೋ ಕಳಿಸಬೇಕು, ಇಲ್ಲದಿದ್ದರೆ ಯಾರೂ ಓದುವುದಿಲ್ಲ ಎಂಬ ಅಳುಕು ನಮ್ಮ ವಿಜ್ಞಾನಿಗಳಲ್ಲಿ ಸಾಮಾನ್ಯ. ತಮ್ಮ ಬದುಕಿನ ಅತಿ ದೊಡ್ಡ ಶೋಧವನ್ನೇ ಚಂದ್ರಶೇಖರ್ ತಮ್ಮ ಊರಿನ ಪತ್ರಿಕೆಗೆ ಕೊಟ್ಟರು. ಜಗತ್ತು ಅದನ್ನು ಹುಡುಕಿಕೊಂಡು ಬಂದು ಓದಿತು. ಮರುವರ್ಷವೇ ಫ್ರಾನ್ಸಿನವರು ಬೇರೆ ಬಿಲ್ಲೆ ಅಣುಗಳಲ್ಲಿ ಇಂಥದೇ ಸ್ಥಿತಿಯನ್ನು ಕಂಡರು. ಆಮೇಲೆ ಸಾವಿರಾರು ಬಿಲ್ಲೆ ದ್ರವ ಹರಳುಗಳು ತಯಾರಾದವು.

ಅದೇ 1977ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ಅವರ ದ್ರವ ಹರಳಿನ ಪುಸ್ತಕವನ್ನು ಪ್ರಕಟಿಸಿತು. 1992ರಲ್ಲಿ ಎರಡನೆಯ ಆವೃತ್ತಿ ಬಂತು. ಈ ವಿಷಯ ಕಲಿಯುವವರು ಯಾವ ದೇಶದವರಾದರೂ ಕೈಗೆತ್ತಿಕೊಳ್ಳುವ ಮುಖ್ಯ ಪುಸ್ತಕಗಳಲ್ಲಿ ಅದೂ ಒಂದಾಯಿತು.

ಬಿಲ್ಲೆಗಳು ಪರದೆಗೆ ಬಂದ ಬಗೆ

ಬಿಲ್ಲೆಗಳಿಂದ ಏನು ಪ್ರಯೋಜನ ಎಂದು ಮಕ್ಕಳು ಕೇಳಬಹುದು. ಹಳೆಯ ಲ್ಯಾಪ್‌ಟಾಪುಗಳನ್ನು ನೋಡಿದ ತಂದೆತಾಯಿಯರಿಗೆ ನೆನಪಿರುತ್ತದೆ: ನೇರವಾಗಿ ನೋಡಿದರೆ ಚಿತ್ರ ಚೆನ್ನ, ಪಕ್ಕಕ್ಕೆ ಸರಿದರೆ ಬಣ್ಣ ಮಾಸಿ, ಬಿಳಿ ಕಪ್ಪಾಗಿ ಕಾಣುತ್ತಿತ್ತು. ಕಡ್ಡಿ ಅಣುಗಳನ್ನು ಪಕ್ಕದಿಂದ ನೋಡಿದರೆ ಬೆಳಕು ಬೇರೆ ರೀತಿ ಹಾಯುವುದೇ ಇದಕ್ಕೆ ಕಾರಣ. ಕಡ್ಡಿ ಮಾಡಿದ ತಪ್ಪನ್ನು ಬಿಲ್ಲೆ ತಿದ್ದಬಲ್ಲದು, ಏಕೆಂದರೆ ಬೆಳಕಿನ ಮಟ್ಟಿಗೆ ಎರಡೂ ಒಂದಕ್ಕೊಂದು ತದ್ವಿರುದ್ಧ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಫೋಟೋ ಫಿಲ್ಮ್ ಕಂಪನಿ ಬಿಲ್ಲೆ ದ್ರವ ಹರಳಿನ ತೆಳು ಪದರ ಬಳಿದ ಫಿಲ್ಮನ್ನು ತಯಾರಿಸಿತು. ಅದನ್ನು ಪರದೆಗೆ ಅಂಟಿಸಿದರೆ ಪಕ್ಕದಿಂದಲೂ ಚಿತ್ರ ಚೆನ್ನಾಗಿ ಕಾಣತೊಡಗಿತು. ಅದರಲ್ಲಿದ್ದದ್ದು ಬೆಂಗಳೂರಿನ ಬೆಂಜೀನ್ ಬಿಲ್ಲೆಗಳಲ್ಲ, ಅವುಗಳಿಗಿಂತ ದೊಡ್ಡ ಬೇರೆ ಬಿಲ್ಲೆಗಳು. ಆದರೆ ದಾರಿ ತೋರಿಸಿದ್ದು ಬೆಂಗಳೂರು.

ಇಲ್ಲೂ ಮೊದಲ ಸಾಲಿನದ್ದೇ ಕತೆ. ಆ ಫಿಲ್ಮಿನಲ್ಲಿ ತಳದ ಬಿಲ್ಲೆಗಳು ಬಹುತೇಕ ಮಲಗಿರಬೇಕು, ಮೇಲಕ್ಕೆ ಹೋದಂತೆ ಸ್ವಲ್ಪ ಸ್ವಲ್ಪವೇ ಏಳಬೇಕು. ತಳದಲ್ಲಿ ಉಜ್ಜಿದ ಪದರ ದಿಕ್ಕು ಹೇಳುತ್ತದೆ. ಮೇಲೆ ಗಾಜಿಲ್ಲ, ಬರೀ ಗಾಳಿ. ಗಾಳಿಯನ್ನು ಉಜ್ಜುವುದಕ್ಕೆ ಆಗುತ್ತದೆಯೇ? ಅದಕ್ಕೆ ಸ್ವಲ್ಪವೇ ಬೆರೆಸಿದ ಬೇರೆ ವಸ್ತುಗಳು ಸಹಾಯಕ್ಕೆ ಬರುತ್ತವೆ. ಅವು ಎಷ್ಟು, ಯಾವುವು ಎಂಬುದನ್ನು ಅವಲಂಬಿಸಿ ಗಾಳಿಯ ಕಡೆಯ ಬಿಲ್ಲೆಗಳು ಎಷ್ಟು ಏಳುತ್ತವೆ ಎಂಬುದು ತೀರ್ಮಾನವಾಗುತ್ತದೆ. ಆಮೇಲೆ ಬೆಳಕು ಹಾಯಿಸಿ ಬಿಲ್ಲೆಗಳನ್ನು ಹಾಗೇ ಗಟ್ಟಿ ಮಾಡುತ್ತಾರೆ. ಮುಂದೆ ಬೇರೆ ಬಗೆಯ ಪರದೆಗಳು ಬಂದವು, ಈಗ ಹಲವು ಫೋನುಗಳಲ್ಲಿ ದ್ರವ ಹರಳೇ ಇಲ್ಲದ ಓಎಲ್‌ಇಡಿ ಪರದೆಗಳಿವೆ. ಆದರೂ ಆ ವರ್ಷಗಳ ಲಕ್ಷಾಂತರ ಪರದೆಗಳ ಮುಂದೆ ಬಿಲ್ಲೆಗಳು ಕಣ್ಣಿಗೆ ಕಾಣದೆ ನಿಂತು ಕೆಲಸ ಮಾಡಿದವು.

ನಿವೃತ್ತಿಯ ನಂತರ ಇನ್ನೊಂದು ಆರಂಭ

1983ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಅದೇ ವರ್ಷ ಅವರ ಸೋದರಮಾವನ ಮಗನಿಗೆ ನೊಬೆಲ್. 1990ರಲ್ಲಿ ಅಂತಾರಾಷ್ಟ್ರೀಯ ದ್ರವ ಹರಳು ಸಂಘ ಹುಟ್ಟಿದಾಗ ಮೊದಲ ಅಧ್ಯಕ್ಷರಾದವರು ಇವರೇ. 1994ರಲ್ಲಿ ರಾಯಲ್ ಪದಕ, 1998ರಲ್ಲಿ ಪದ್ಮಭೂಷಣ ಮತ್ತು ಯುನೆಸ್ಕೋದ ನೀಲ್ಸ್ ಬೋರ್ ಪದಕ ಬಂದವು.

ಆದರೆ ನಮಗೆ ಪದಕಗಳಿಗಿಂತ ಹೆಚ್ಚು ಮೆಚ್ಚುಗೆಯಾದದ್ದು ಅವರು 60 ದಾಟಿದ ಮೇಲೆ ಮಾಡಿದ ಕೆಲಸ. 1990ರಲ್ಲಿ ರಾಮನ್ ಸಂಸ್ಥೆಯಿಂದ ನಿವೃತ್ತರಾದರು. ಬಹಳ ಜನ ವಿಶ್ರಾಂತಿ ಬಯಸುವ ವಯಸ್ಸು. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಕೊಟ್ಟ ಕಟ್ಟಡದಲ್ಲಿ, ದ್ರವ ಹರಳಿಗೇ ಮೀಸಲಾದ ಸಂಶೋಧನಾ ಕೇಂದ್ರ ಆರಂಭಿಸಿದರು. ಮೈಸೂರಿನ ವಿಭಾಗ, ರಾಮನ್ ಸಂಸ್ಥೆಯ ಪ್ರಯೋಗಾಲಯ, ಜಾಲಹಳ್ಳಿಯ ಕೇಂದ್ರ: ಮೂರು ಸಲ ಹೊಸದಾಗಿ ಕಟ್ಟಿದರು, ಪ್ರತಿ ಸಲವೂ ಮೊದಲ ಸಾಲನ್ನು ತಾವೇ ನಿಂತು ಸರಿಪಡಿಸಿದರು. 2004ರ ಮಾರ್ಚ್ 8ರಂದು, 73ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಟ್ಟಿದ ಕೇಂದ್ರದ ಹೆಸರೂ ಜಾಗವೂ ಆಮೇಲೆ ಬದಲಾದವು. ಈಗ ಅದು ನ್ಯಾನೋ ಮತ್ತು ಮೃದು ವಸ್ತುಗಳ ವಿಜ್ಞಾನ ಕೇಂದ್ರ ಎಂಬ ಹೆಸರಿನಲ್ಲಿ ಬೆಂಗಳೂರಿನ ಹೊರವಲಯದ ಶಿವನಪುರದಲ್ಲಿದೆ.

ಬೆಂಗಳೂರಿನಿಂದ ಮರ್ರೇ ಹಿಲ್‌ಗೆ ಬಂದವರನ್ನು ನಮ್ಮ ಊರುಗಳಲ್ಲಿ ನಾವು ಬಹಳ ಜನ ಬಲ್ಲೆವು. ಹಾಗೆ ಬಂದದ್ದು ತಪ್ಪೆಂದು ನಾವು ಹೇಳುವುದಿಲ್ಲ. ನಾವೂ ಹಾಗೆ ಬಂದವರೇ. ಒಳ್ಳೆಯ ಕೆಲಸಕ್ಕೆ ಒಂದೇ ವಿಳಾಸ ಇಲ್ಲ ಎಂಬುದು ಮಾತ್ರ ಚಂದ್ರಶೇಖರರ ಬದುಕಿನಿಂದ ನಮಗೆ ತಿಳಿಯಿತು. ಮರ್ರೇ ಹಿಲ್‌ನವರೂ ಮಾನಸಗಂಗೋತ್ರಿಯವರೂ ಒಂದೇ ಒಗಟನ್ನು ಎರಡು ತುದಿಯಿಂದ ಬಿಡಿಸುತ್ತಿದ್ದರು.

ಮಕ್ಕಳೇ, ಮನೆಯಲ್ಲಿ ಬಿಸಿಲು ಕ್ಯಾಲ್ಕುಲೇಟರ್ ಇದ್ದರೆ ತನ್ನಿ. ಅಪ್ಪನ ಅಥವಾ ಅಮ್ಮನ ಪೋಲರಾಯ್ಡ್ ತಂಪು ಕನ್ನಡಕವನ್ನು ಅದರ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಇಡೀ ಪರದೆ ಕಪ್ಪಾಗುತ್ತದೆ. ಪರದೆಯಿಂದ ಹೊರಬರುವ ಬೆಳಕು ಒಂದೇ ದಿಕ್ಕಿನಲ್ಲಿ ತುಯ್ಯುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಒಳಗೆ ಗಾಜಿನ ಮಾತು ಕೇಳಿ ಸಾಲು ನಿಂತಿರುವ ಅಣುಗಳನ್ನು ಆಗ ನೆನೆಸಿಕೊಳ್ಳಿ, ಜೊತೆಗೆ ಅವುಗಳ ಗುಟ್ಟನ್ನು ಹುಡುಕುತ್ತ ಇಡೀ ಆಯುಷ್ಯ ಕಳೆದ ಚಂದ್ರಶೇಖರರನ್ನೂ.